ಇಂಚರಾ, ಹೊಸ ಚಾಪ್ಟರ್ ಬಂದಿದೆ

"ಇಂಚರಾ, ಹೊಸ ಚಾಪ್ಟರ್ ಬಂದಿದೆ! ಈಗಲೇ ಓದಿ..."

ಭಾನುವಾರ ಬೆಳಿಗ್ಗೆ ಅಂಗಡಿ ಶಟರ್ ಎತ್ತುತ್ತಿದ್ದಾಗ ರುದ್ರೇಶನ ಫೋನಿನಲ್ಲಿ ಈ ಮೆಸೇಜ್ ಬಂತು.

ಇಂಚರ ರುದ್ರೇಶನ ಒಬ್ಬಳೇ ಮಗಳು. ಸೆಕೆಂಡ್ ಪಿಯುಸಿ ಓದುತ್ತಿದ್ದ ಹುಡುಗಿ... ತೀರಿಕೊಂಡು ಐದು ತಿಂಗಳಾಗಿತ್ತು.

ಫೋನಿಗೇನು ಗೊತ್ತು ಪಾಪ...

ರುದ್ರೇಶನದು ತಿಪಟೂರಿನಲ್ಲಿ ಪೇಂಟ್ ಅಂಗಡಿ. ಮಾತು ಅಂದ್ರೆ ಕಡ್ಡಿ ಮುರಿದ ಹಾಗೆ. ಗಿರಾಕಿ ಎರಡು ಸಲ ರೇಟು ಕೇಳಿದರೆ ಎದುರಿನ ಅಂಗಡಿ ತೋರಿಸಿ ಕಳಿಸೋ ಆಸಾಮಿ.

ಮಗಳಿಗೆ ಮಾಂಗಾ ಹುಚ್ಚು. ಮಾಂಗಾ ಅಂದ್ರೆ ಜಪಾನಿನ ಚಿತ್ರಕಥೆ. ಸ್ಕೂಲು ಹುಡುಗ, ಸ್ಕೂಲು ಹುಡುಗಿ, ಅವರ ಪ್ರೀತಿ, ಅವರ ಮನೆ, ಟಿಫನ್ ಬಾಕ್ಸು, ಮಳೆ, ಇಬ್ಬರಿಗೂ ಒಂದೇ ಕೊಡೆ... ಹೀಗೇ ವಾರವಾರ ಫೋನಿನಲ್ಲಿ ಬರುತ್ತಿತ್ತು.

"ಅದೇನ್ ಆಗುತ್ತೆ ಅಂತ ಅದನ್ನ ಓದ್ತೀಯೇ?" ಅಂತ ಅಪ್ಪ ರೇಗಿದರೆ ಅವಳು ನಗುತ್ತಿದ್ದಳು.

"ಏನೂ ಆಗಲ್ಲ ಅಪ್ಪಾ... ಅದೇ ಚೆನ್ನಾಗಿರೋದು."

ಒಂದು ದಿನ ಅಪ್ಪನ ಫೋನಿಗೂ ಆ ಆ್ಯಪ್ ಹಾಕಿದಳು. "ನಂದೇ ಅಕೌಂಟ್ ಅಪ್ಪಾ. ನಾನು ಎಲ್ಲಿ ನಿಲ್ಸಿರ್ತೀನೋ ಅಲ್ಲಿಂದಲೇ ನಿಂಗೂ ಓಪನ್ ಆಗುತ್ತೆ. ಒಂದೇ ಒಂದ್ ಚಾಪ್ಟರ್ ಓದು... ಪ್ಲೀಸ್..."

"ಲೋಡ್ ಬಂದಿದೆ, ಇಳಿಸ್ಬೇಕು. ಆಮೇಲ್ ನೋಡಣ."

ಆ 'ಆಮೇಲೆ' ಬರಲೇ ಇಲ್ಲ.

ದಿನಾ ಕಾಲೇಜಿಗೆ ಹೊರಡುವಾಗ ಬಾಗಿಲಲ್ಲಿ ನಿಂತು "ಹೋಗ್ಬರ್ತೀನಿ ಅಪ್ಪಾ" ಅನ್ನುತ್ತಿದ್ದಳು. ಪೇಪರಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತಿದ್ದ. ಅವನಿಗೆ ಅದೂ ಒಂದು ಏನೂ ಆಗದ ದಿನ...

ಒಂದು ಸಲ ಅವಳಿಗೆ ಜ್ವರ ಬಂತು. "ಮೈ ಸುಡ್ತಾ ಇದೆ, ಆಸ್ಪತ್ರೆಗೆ ಕರ್ಕೊಂಡ್ ಹೋಗಣ ರೀ" ಅಂದಳು ಹೆಂಡತಿ ಶೈಲಜಾ.

"ಮಾತ್ರೆ ಕೊಟ್ಟಿದೀವಲ್ಲ... ನಾಳೆ ನೋಡಣ ಬಿಡು."

ಅದು ಡೆಂಗ್ಯೂ. ಮಾರನೇ ದಿನ ನೇರ ಐಸಿಯುಗೆ ಹಾಕಿದರು... ಹುಡುಗಿ ಮತ್ತೆ ಮನೆಗೆ ಬಂದದ್ದು ಆಂಬುಲೆನ್ಸಿನಲ್ಲಿ.

ಶೈಲಜಾ ಒಂದು ದಿನವೂ "ನಿಮ್ಮಿಂದಲೇ ಹೀಗಾಯ್ತು" ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಮಾತೇ ಬಿಟ್ಟಳು.

"ಊಟ ಇಟ್ಟಿದೀನಿ..." "ಗ್ಯಾಸ್ ಬುಕ್ ಮಾಡಿ..." ಅಷ್ಟೇ. ಒಂದೇ ಸೂರಿನ ಕೆಳಗೆ ಇಬ್ಬರೂ ಬೇರೆ ಬೇರೆ ಅಳುತ್ತಿದ್ದರು. ತಪ್ಪು ತನ್ನದೇ ಅಂತ ಅವನಿಗೆ ಗೊತ್ತಿತ್ತು. ಅವಳ ಮುಂದೆ ಹೇಳೋಕೆ ಬಾಯಿ ಬರುತ್ತಿರಲಿಲ್ಲ.

ವಾರವಾರ ಬರುತ್ತಿದ್ದ ಆ ಮೆಸೇಜನ್ನು ಇಷ್ಟು ದಿನ ನೋಡದೆ ಸರಿಸಿಬಿಡುತ್ತಿದ್ದ. ಆ ಭಾನುವಾರ ಮಗಳ ಹೆಸರು ನೋಡಿದವನೇ ಪೇಂಟ್ ಡಬ್ಬಗಳ ಹಿಂದೆ ಹೋಗಿ ಕೂತ. ಮೊದಲ ಸಲ ಆ ಆ್ಯಪ್ ಒತ್ತಿದ.

ಮಳೆ... ಒಂದೇ ಕೊಡೆ... ಹುಡುಗ ಹುಡುಗಿ ನಡೆದುಕೊಂಡು ಹೋಗುತ್ತಿದ್ದಾರೆ. ನಿಜಕ್ಕೂ ಏನೂ ಆಗಲಿಲ್ಲ. ಆದರೂ ಅವನ ಕಣ್ಣು ಮಂಜಾಯಿತು. ಅರ್ಧಕ್ಕೇ ನಿಲ್ಲಿಸಿದ.

ಮಾರನೇ ದಿನ ಮಧ್ಯಾಹ್ನ ಮತ್ತೆ ತೆರೆದ. ಕೊಡೆಯ ಪುಟ ಬರಲಿಲ್ಲ... ಕಥೆ ಮುಂದಕ್ಕೆ ಹೋಗಿತ್ತು. ಪರೀಕ್ಷೆ ಹಾಲ್ ಬಂದಿತ್ತು.

ರುದ್ರೇಶ ಪುಟವನ್ನು ಹಿಂದೆ ಮುಂದೆ ಸರಿಸಿ ನೋಡಿದ.

'ಇಂಚರ ಓದಿದಾಳೆ!'

ಒಂದು ಗಳಿಗೆ... ಒಂದೇ ಗಳಿಗೆ ಆ ಮನುಷ್ಯ ಎಷ್ಟು ಖುಷಿಪಟ್ಟ ಗೊತ್ತಾ... ಎದ್ದೇ ನಿಂತುಬಿಟ್ಟ. ಆಮೇಲೆ ನೆನಪಾಯಿತು. ಇದೇ ಕೈಯಲ್ಲಿ ಮಗಳ ಮೇಲೆ ಮಣ್ಣು ಹಾಕಿದ್ದ. ಮಗಳು ಎರಡನೇ ಸಲ ಸತ್ತ ಹಾಗಾಯಿತು ಅವನಿಗೆ.

ಹಾಗಾದರೆ ಓದಿದ್ದು ಯಾರು...?

ಶಟರ್ ಎಳೆದು ಮನೆಗೆ ಬಂದ. ಅಡುಗೆಮನೆಯಲ್ಲಿ ಶೈಲಜಾ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಇಂಚರಳ ಫೋನು, ಅದೇ ಗುಲಾಬಿ ಕವರು. ಒಲೆ ಮೇಲೆ ಸಾರು ಸೀದು ಹೋಗುತ್ತಿತ್ತು.

ಗಂಡನನ್ನು ನೋಡಿದರೂ ಅವಳು ಫೋನು ಬಚ್ಚಿಡಲಿಲ್ಲ.

"ಅವರಿಬ್ರೂ ಮಾತೇ ಆಡ್ತಿಲ್ಲ ಕಣ್ರೀ..." ಅಂದಳು. ಊಟ, ಗ್ಯಾಸು ಬಿಟ್ಟರೆ ಐದು ತಿಂಗಳಲ್ಲಿ ಅವಳಾಗಿ ಆಡಿದ ಮೊದಲ ಮಾತು. "ಆ ಹುಡುಗ, ಆ ಹುಡುಗಿ... ಏನೋ ತಪ್ಪು ತಿಳ್ಕೊಂಡು ಮಾತೇ ಬಿಟ್ಟಿದಾರೆ. ಇಬ್ರೂ ಅಳ್ತಾರೆ, ಒಬ್ರಿಗೊಬ್ರು ಹೇಳಲ್ಲ..."

ರುದ್ರೇಶ ಒಲೆ ಆರಿಸಿ ಅವಳ ಪಕ್ಕ ಕೂತ.

"ತಪ್ಪು ನಂದೇ ಕಣೇ ಶೈಲಾ... ನಾಳೆ ಅಂದೋನು ನಾನೇ..."

"ಹೂಂ" ಅಂದಳು ಶೈಲಜಾ. ಅಲ್ಲ ಅನ್ನಲಿಲ್ಲ. "ನಾನಾದ್ರೂ ಆಟೋ ಕರೀಬಹುದಿತ್ತಲ್ಲ... ನನ್ ಕೈಗೇನಾಗಿತ್ತು..."

ಇಬ್ಬರೂ ಅತ್ತರು. ಅತ್ತು ಅತ್ತು ಸಾಕಾದಮೇಲೆ ಅವಳು ಫೋನು ಅವನ ಕೈಗಿಟ್ಟಳು. "ನನ್ ಕಣ್ಣು ಕಾಣಲ್ಲ ಈಗ... ಮುಂದೆ ನೀವೇ ಓದಿ."

ಅವನು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿಕೊಂಡು ತಡವರಿಸುತ್ತಾ ಓದಿದ.

"ಬೆಳಿಗ್ಗೆ ಆಗಿದೆ... ಹುಡುಗಿ ಎದ್ದಳು... ತಿಂಡಿ ತಿಂದಳು... ಅವರಪ್ಪ ಪೇಪರ್ ಓದ್ತಾ ಇದಾನೆ... ಬಾಗಿಲಲ್ಲಿ ನಿಂತು ಶೂ ಹಾಕ್ಕೊಂಡು ಅಂತಾಳೆ... ಹೋಗ್..."



"ಏನಂತಾಳೆ?" ಅಂದಳು ಶೈಲಜಾ.

"ಹೋಗ್ಬರ್ತೀನಿ ಅಪ್ಪಾ... ಅಂತಾಳೆ ಕಣೇ..."

ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದ.

ಶೈಲಜಾ ಬಗ್ಗಿ ಆ ಚಿತ್ರದ ಹುಡುಗಿಯ ಕೆನ್ನೆ ಮುಟ್ಟಿದಳು.

"ಹೂಂ ಮಗಳೇ... ಹುಷಾರಾಗಿ ಹೋಗ್ಬಾ..."

ಬೆರಳು ತಾಗಿ ಪುಟ ಸರಿದು ಹೋಯಿತು. ಆ ಹುಡುಗಿ ಅಲ್ಲಿರಲಿಲ್ಲ.

🙏

*ಏನೂ ಆಗದ ದಿನವೇ ಮನೆಯ ದೊಡ್ಡ ಭಾಗ್ಯ... ಅದು ಕೈಬಿಟ್ಟು ಹೋದಮೇಲೇ ನಮಗೆ ಗೊತ್ತಾಗೋದು.*

ಇವತ್ತು ಬೆಳಿಗ್ಗೆ ನಿಮ್ಮ ಮಗು ಬಾಗಿಲಲ್ಲಿ ನಿಂತು "ಹೋಗ್ಬರ್ತೀನಿ" ಅಂದಾಗ... ನೀವು ತಲೆ ಎತ್ತಿ ನೋಡಿದ್ರಾ?