ನಾಳೆಯ ಪ್ರಸಂಗ

ಗಂಡ ತೀರಿಕೊಂಡ ಮೇಲೆ ಸುಗಂಧಾಬಾಯಿ ಚರ್ಚಿಗೆ ಕಾಲಿಟ್ಟಿರಲಿಲ್ಲ. ಕ್ರಿಸ್ಮಸ್ಸಿನ ಹಿಂದಿನ ದಿನ ಪಾದ್ರಿಗಳು ಮನೆಗೆ ಬಂದದ್ದನ್ನು ನೋಡಿಯೇ ಆಕೆಗೆ ರೇಗಿತು.

"ನಾಳೆ ಆರಾಧನೆಗೆ ಕರಿಯಾಕ ಬಂದೀರೇನ್ರಿ? ನಾ ಬರೂದಿಲ್ಲ."

ಪಾದ್ರಿಗಳು ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಬಂದರು.

"ಆಸ್ಪತ್ರ್ಯಾಗ ಮೊಣಕಾಲೂರಿ ಬೇಡಿಕೊಂಡೆ. ನೀವೂ ಅವರ ತಲಿ ಮ್ಯಾಲೆ ಕೈಯಿಟ್ಟು ಪ್ರಾರ್ಥನಾ ಮಾಡಿದ್ರಿ. ದೇವರು ಕೇಳಿದನೇನು?"

"ಇಲ್ಲ."

ಆ ಉತ್ತರದಿಂದ ಆಕೆಯ ಸಿಟ್ಟು ಇನ್ನಷ್ಟು ಏರಿತು. "ಮತ್ತ ನಾಳೆ ಎಲ್ಲಾರ ಮುಂದ ನಿಂತು, ದೇವರು ನಮ್ಮ ಜೋಡಿ ಅದಾನ ಅಂತ ಪ್ರಸಂಗ ಹೆಂಗ ಮಾಡ್ತೀರಿ?"

ಪಾದ್ರಿಗಳು ಬೈಬಲನ್ನು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕುಸಿದು ಕುಳಿತರು.

"ಅವತ್ತಿನಿಂದ ನನಗೂ ಪ್ರಾರ್ಥನಾ ಮಾಡಾಕ ಆಗವಲ್ದು, ಬಾಯಾರ. ಆದ್ರ ನಿಮ್ಮಂಗ ಚರ್ಚ್ ಬಿಡೂವಷ್ಟು ಧೈರ್ಯ ನನಗಿಲ್ಲ."