ಮಣಿ ಯಾರ ಕೊರಳಲ್ಲಿ

ಕಸ್ತೂರೆವ್ವ ರೊಟ್ಟಿ ತಟ್ಟುತ್ತಿದ್ದಾಗ ಕೈಯ ಬಳೆಯ ಉಸಿರು ನಿಧಾನವಾಯಿತು. ಆ ವಾರ ಓಣಿಯ ಉಸಿರು ಕಾಯುವ ಪಾಳಿ ಅವಳದು. ನಶೆಯ ಮಾತ್ರೆ ನುಂಗುವವರು ಮೊದಲು ತಮ್ಮ ಹೆಸರಿನ ಮಣಿಯನ್ನು ಕೊರಳಿಗೆ ಕಟ್ಟಿಕೊಳ್ಳುತ್ತಾರೆ; ಅವರ ಉಸಿರು ಪಾಳಿಯವರ ಬಳೆಯಲ್ಲಿ ಏರಿಳಿಯುತ್ತದೆ. ಯಾಕೆ ನುಂಗಿದಿರಿ ಎಂದು ಯಾರೂ ಕೇಳುವುದಿಲ್ಲ.

ಬಳೆಯ ಮೇಲೆ ಟೇಲರ್ ಚನಬಸಪ್ಪನ ಹೆಸರು ಮೂಡಿತ್ತು. ನಶೆ ಇಳಿಸಿ ಉಸಿರು ಮರಳಿಸಲು ಮೂಗಿನೊಳಗೆ ಹೊಡೆಯುವ ಔಷಧಿ ಹಿಡಿದು ಹಿಟ್ಟಿನ ಕೈಯಲ್ಲೇ ಓಡಿದಳು.

ಚನಬಸಪ್ಪ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ.

ಕಸ್ತೂರೆವ್ವ ಅವನನ್ನು ನೋಡಿದಳು, ಬಳೆಯನ್ನು ನೋಡಿದಳು. "ನೀ ಉಸಿರಾಡಾಕತ್ತೀ ಏನೋ ಇಲ್ಲೋ?" ಎಂದು ಅವನ ಮೂಗಿನ ಕೆಳಗೆ ಬೆರಳಿಟ್ಟಳು. ಬಿಸಿ ತಾಗಿತು. ಬಳೆ ಮಾತ್ರ ಇನ್ನಷ್ಟು ನಿಧಾನವಾಯಿತು.

"ಮಣಿ ನನ್ನ ಹತ್ರ ಇಲ್ಲಕ್ಕಾ," ಅವನು ತಲೆ ತಗ್ಗಿಸಿದ. "ಒಬ್ರು ಕೇಳಿದ್ರು, ಕೊಟ್ಟೀನಿ. ಅವರ ಹೆಸರಿಂದು ಕಟ್ಟಿಕೊಂಡ್ರ ಮನಿಯಾಗ ಗೊತ್ತಾಗತೈತಂತ."

"ಯಾರಿಗೆ ಗೊತ್ತಾಗತೈತಿ?"

"ನಿಮಗ."

ಅವಳಿಗೆ ಅರ್ಥವಾಗುವ ಮೊದಲೇ ಕಾಲುಗಳು ಮನೆಯ ದಾರಿ ಹಿಡಿದಿದ್ದವು.

ಬೆನ್ನುನೋವೆಂದು ಒಳಕೋಣೆಯಲ್ಲಿ ಮಲಗಿದ್ದ ಗಂಡನ ತುಟಿ ನೀಲಿಗಟ್ಟಿತ್ತು. ಔಷಧಿ ಹೊಡೆದವಳು ಅವನ ಎದೆ ನೋಡಲಾರದೆ ತನ್ನ ಕೈಯ ಬಳೆಯನ್ನೇ ನೋಡುತ್ತ ಕೂತಳು. ಬಹಳ ಹೊತ್ತಿನ ಮೇಲೆ, ಚನಬಸಪ್ಪನ ಹೆಸರಿದ್ದ ಬಳೆಯೊಳಗೆ ಅವಳ ಗಂಡ ಉಸಿರೆಳೆದ.