ದೋಣಿ ಎಳೆದ ಪುಟ್ಟಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಅಹಲ್ಯಕ್ಕನ ಚಕ್ಕುಲಿ ಡಬ್ಬದ ಮೇಲಾಣೆ. ದಿಲ್ಲಿಯ ದ್ವಾರಕಾದ ಹೌಸಿಂಗ್ ಸೊಸೈಟಿಯೊಂದರ ಗೇಟಿನಲ್ಲಿ, ಸ್ಪೀಡ್ ಹಂಪಿನ ಮೇಲೆ, ಪುಟ್ಟಿ ಸಿಕ್ಕಿಹಾಕಿಕೊಂಡಿತ್ತು. ಮುಂದಿನ ಚಕ್ರ ಹಂಪಿನಾಚೆ, ಹಿಂದಿನದು ಈಚೆ. ಇಂಜಿನ್ನು ಮಿಕ್ಸಿಯಂತೆ ಅರಚುತ್ತಿತ್ತು.

ಪುಟ್ಟಿ ಎಂದರೆ ಸೋಮಶೇಖರನ ಕಾರು. ಎಂಟುನೂರು ಸಿಸಿ, ವಯಸ್ಸು ಹದಿನಾಲ್ಕು. ಅದರ ಹಿಂದೆ ಕಬ್ಬಿಣದ ಟ್ರೇಲರು. ಟ್ರೇಲರಿನ ಮೇಲೆ ಕಾರಿಗಿಂತ ಉದ್ದದ ಫೈಬರ್ ದೋಣಿ. ದೋಣಿ ಭಾವಮೈದ ಅನಂತರಾಮನದು. ಗುರುಗ್ರಾಮದಾಚೆ ಅವನ ಫಾರ್ಮ್‌ಹೌಸಿನ ಕೊಳಕ್ಕೆ ಹೋಗಬೇಕು. ಟ್ರ್ಯಾಕ್ಟರ್ ಗೊತ್ತುಮಾಡಲು ಹೊರಟವನನ್ನು ಸೋಮಶೇಖರನೇ ತಡೆದಿದ್ದ. ಕಾರಣವಿತ್ತು. ಹೆಂಡತಿ ವೈಜಯಂತಿ ಆಗಲೇ ಕಬಾಡಿಯವನಿಗೆ ಹೇಳಿಬಿಟ್ಟಿದ್ದಳು: ಸೋಮವಾರ ಬಂದು ಪುಟ್ಟಿಯನ್ನು ಗುಜರಿಗೆ ಒಯ್ಯಿ ಅಂತ.

“ರೀ, ಅದಕ್ಕೆ ತರಕಾರಿ ಚೀಲ ಹೊರೋಕಾಗಲ್ಲ.”

“ದೋಣೀನೇ ಎಳೆದ್ರೆ?”

“ಎಳೆದ್ರೆ ಇಟ್ಕೊಳ್ಳಿ. ಆದ್ರೆ ಅನಂತು ಕಣ್ಣಾರೆ ನೋಡಿ ನಂಗೆ ಫೋನ್ ಮಾಡ್ಬೇಕು.”

ಹೀಗೆ ಪುಟ್ಟಿಯ ಪ್ರಾಣ ದೋಣಿಗೆ ಕಟ್ಟಿಬಿದ್ದಿತ್ತು. ಕಟ್ಟಿದವನೂ ಸೋಮಶೇಖರನೇ. ಕೊಂಡಿಯ ಪಿನ್ನು ಎಲ್ಲೋ ಕಳೆದಿತ್ತು. ಅದರ ಜಾಗಕ್ಕೆ ಸ್ಕ್ರೂಡ್ರೈವರ್ ತೂರಿಸಿದ್ದ. ಲೈಫ್ ಜಾಕೆಟ್ಟುಗಳನ್ನು ಹಿಂದಿನ ಸೀಟಿನಲ್ಲಿ ಸೂರಿನವರೆಗೂ ತುಂಬಿದ್ದ. ಒಳಗಿನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಬರೀ ಕಿತ್ತಳೆ ಬಣ್ಣ. ಹೊರಗಿನ ಕನ್ನಡಿಗಳನ್ನು, ದಿಲ್ಲಿಯ ಟ್ರಾಫಿಕ್ಕಿನಲ್ಲಿ ಬುದ್ಧಿ ಇರುವವರೆಲ್ಲ ಮಾಡುವಂತೆ, ಮಡಚಿದ್ದ.

ಪಕ್ಕದಲ್ಲಿ ಅವನ ಅಕ್ಕ ಅಹಲ್ಯ, ಅವಳ ಕಾಲ ಬಳಿ ಚಕ್ಕುಲಿ ಡಬ್ಬ. ತುಮಕೂರಿನಿಂದ ಬಂದು ಒಂದು ವಾರವಾಗಿತ್ತು. ಹಿಂದಿಯಲ್ಲಿ ‘ಭಯ್ಯಾ’ ಒಂದೇ ಬರುತ್ತಿತ್ತು. ಅದನ್ನು ಲಿಫ್ಟಿಗೂ ಅನ್ನುತ್ತಿದ್ದಳು.

“ಸೋಮೂ, ಹಿಡ್ಕೊಳ್ಳೋಕೆ ಏನೂ ಇಲ್ವಲ್ಲೋ!”

“ಕೈಗೆ ಸಿಕ್ಕಿದ್ದನ್ನ ಹಿಡ್ಕೋ ಅಕ್ಕ. ಅನಂತು ಮನೆ ಬರೋವರೆಗೂ ಬಿಡ್ಬೇಡ.”

ಆಕ್ಸಿಲರೇಟರ್ ನೆಲಕ್ಕೆ ತಾಗಿಸಿದ. ಹಿಂದೆಲ್ಲೋ ‘ಧಡ್’ ಎಂದಿತು. ಪುಟ್ಟಿ ಒಮ್ಮೆಲೇ ಹಂಪು ಹಾರಿ ರಸ್ತೆಗೆ ನೆಗೆಯಿತು. ಬೆನ್ನ ಹಿಂದೆ ಸೊಸೈಟಿಗೆ ಸೊಸೈಟಿಯೇ ಹೋ ಎಂದು ಕೂಗಿತು. ಸೋಮಶೇಖರ ಕಿಟಕಿಯಿಂದ ಕೈ ಹೊರಹಾಕಿ ಅಭಿನಂದನೆ ಸ್ವೀಕರಿಸಿದ. ಅಕ್ಕ ಬೆಚ್ಚಿ, ಸೆರಗಿನಡಿ ಏನನ್ನೋ ಗಟ್ಟಿಯಾಗಿ ಎಳೆದು ಹಿಡಿದುಕೊಂಡಳು. ಮರುಕ್ಷಣವೇ ಪುಟ್ಟಿ ಮತ್ತೆ ಭಾರವಾಯಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹೊತ್ತಿತು. ಅಲ್ಲಿ ಮೊದಲೇ ನಾಲ್ಕು ಹೊತ್ತಿದ್ದವು.

“ದೋಣಿ ತೂಕ ಈಗ ಗೊತ್ತಾಗ್ತಿದೆ ನೋಡು,” ಎಂದ ಹೆಮ್ಮೆಯಿಂದ.

ಫ್ಲೈಓವರ್ ಹತ್ತುವಾಗ ಸೈಕಲ್ಲಿನವನೊಬ್ಬ ಹಿಂದಿಕ್ಕಿದ. ಈರುಳ್ಳಿ ಮಾರುವ ಕೈಗಾಡಿಯವನು ಜೊತೆಜೊತೆಗೇ ಬಂದು, “ಏನು ಅಂಕಲ್‌ಜೀ, ತಳ್ಳಲಾ?” ಎಂದು ಕೇಳಿ, ಬೇಸರವಾಗಿ ಮುಂದೆ ಹೋದ. ಸುಟ್ಟ ರಬ್ಬರಿನ ವಾಸನೆ. ಬೈಕಿನಲ್ಲಿದ್ದ ಹುಡುಗಿಯೊಬ್ಬಳು ಹಿಂದಿನ ಚಕ್ರ ತೋರಿಸಿ “ಪೀಛೆ ದೇಖೋ!” ಎಂದು ಕಿರುಚಿದಳು.

“ಎಲ್ರೂ ಹಿಂದೇನೇ ನೋಡ್ತಾರಲ್ಲೋ.”

“ದೋಣಿ ಯಾವತ್ತಾದ್ರೂ ಕಂಡಿದ್ರೆ ತಾನೆ ಅಕ್ಕ? ಈ ಊರಲ್ಲಿ ಸಮುದ್ರ ಎಲ್ಲಿದೆ?”

ಫೋನು ಬಡಿದುಕೊಳ್ಳುತ್ತಲೇ ಇತ್ತು. ಗೊತ್ತಿಲ್ಲದ ನಂಬರು. ಕೊನೆಗೆ ಅಕ್ಕನೇ ಇನ್ನೊಂದು ಕೈಯಿಂದ ಎತ್ತಿ ಕಿವಿಗಿಟ್ಟುಕೊಂಡಳು.

“ಯಾರೋ ನಮ್ಮವರು ಕಣೋ. ‘ನಾವು, ನಾವು’ ಅಂತಾರೆ. ಮುಂದಿನದೆಲ್ಲ ಹಿಂದಿ.”

“ಕನ್ನಡ ಸಂಘದವ್ರು. ರಾಜ್ಯೋತ್ಸವಕ್ಕೆ ಚಂದಾ ಕೇಳೋಕೆ. ಕಟ್ ಮಾಡು.”

ಮುಂದೆ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. “ಇತ್ನಾ ಸ್ಲೋ ಕ್ಯೂಂ, ಅಂಕಲ್‌ಜೀ?”

“ಬೋಟ್ ಖೀಂಚ್ ರಹಾ ಹೂಂ,” ಎಂದ ಸೋಮಶೇಖರ, ಹೆಬ್ಬೆರಳಿನಿಂದ ಬೆನ್ನ ಹಿಂದೆ ತೋರಿಸುತ್ತಾ.

ಪೊಲೀಸ್ ಹಿಂದಕ್ಕೆ ಹೋದ. ತುಂಬ ಹೊತ್ತು ನಿಂತು ನೋಡಿದ. ಬಗ್ಗಿ ಕಾರಿನ ಅಡಿಯಲ್ಲೂ ನೋಡಿದ. ವಾಪಸು ಬಂದವನ ದನಿ ಮೆತ್ತಗಾಗಿತ್ತು. ಅಕ್ಕನ ಕಡೆ ಬಾಗಿ, “ಮಾತಾಜೀ, ಇನ್ಕಾ ಧ್ಯಾನ್ ರಖಿಯೇ,” ಇವರನ್ನು ಸ್ವಲ್ಪ ನೋಡಿಕೊಳ್ಳಿ, ಎಂದು ಕೈಮುಗಿದ. ಅಕ್ಕ ಅವನಿಗೊಂದು ಚಕ್ಕುಲಿ ಕೊಟ್ಟಳು.

“ಏನಂದ್ನೋ?”

“ದೋಣಿ ನೋಡಿ ದಂಗಾಗ್ಬಿಟ್ಟ.”

ಫಾರ್ಮ್‌ಹೌಸಿನ ಗೇಟಿನಲ್ಲಿ ಅನಂತರಾಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಪುಟ್ಟಿ ಹೊಗೆಯ ನಡುವೆ ಬಂದು ನಿಂತಿತು. ಸೋಮಶೇಖರ ಇಳಿಯಲಿಲ್ಲ, ಗೆದ್ದವನು ಕೂತೇ ಮಾತಾಡುತ್ತಾನೆ.

“ಏನಪ್ಪಾ ಅನಂತು! ಪುಟ್ಟಿಗೆ ಆಗಲ್ಲ ಅಂದಿದ್ರಲ್ಲ ನಿಮ್ಮಕ್ಕ ನೀನು ಇಬ್ರೂ?”

ಅನಂತರಾಮ ಕಾರಿನ ಹಿಂದಕ್ಕೆ ಒಂದು ಸುತ್ತು ಹೋಗಿಬಂದ. ರಸ್ತೆಯ ಉದ್ದಕ್ಕೂ ಕಣ್ಣಾಡಿಸಿದ. ಆಮೇಲೆ ಎಡಗಡೆ ಕಿಟಕಿಯಲ್ಲಿ ತಲೆ ತೂರಿಸಿ ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕ್ ನೋಡಿದ.

“ಅಹಲ್ಯಕ್ಕ, ಇನ್ನು ಬಿಡಿ ಅದನ್ನ.”

“ಬಂದ್ವಾ? ದಾರಿಯುದ್ದಕ್ಕೂ ಬಿಟ್ಟಿಲ್ಲಪ್ಪ. ಕೈ ಮರಗಟ್ಟಿಹೋಯ್ತು.”

“ಅಕ್ಕನ್ನ ಬಿಡು, ಕೇಳಿಲ್ಲಿ,” ಎಂದ ಸೋಮಶೇಖರ. “ಒಂದೊಂದು ಮಾತೂ ನಿಜ ಅನಂತು, ಫ್ಲೈಓವರ್ ಮೇಲೆ ದೋಣಿ ನನ್ನನ್ನೇ ಹಿಂದಕ್ಕೆ ಜಗ್ಗಿತು, ಜಗ್ಗಿದ್ರೆ ನಾನು ಬಿಡ್ತೀನಾ, ಸ್ಟೇರಿಂಗ್ ಹೀಗೆ ಒತ್ತಿ ಹಿಡಿದು, ಪುಟ್ಟಿ ಕಿವಿಯಲ್ಲಿ ಹೇಳ್ದೆ, ನೋಡಮ್ಮಾ…”

ಅನಂತರಾಮ ಆಗಲೇ ಬೆನ್ನು ತಿರುಗಿಸಿ ಹೊರಟಿದ್ದ. ಫೋನು ಅವನ ಕಿವಿಯಲ್ಲಿತ್ತು.

“ವೈಜಕ್ಕಾ, ಸೋಮವಾರ ಬೇಡ. ಕಬಾಡಿಯವನನ್ನ ಇವತ್ತೇ ಕರಿ.”

“ಏಯ್! ಮಾತು ಮುಗೀಲಿಲ್ಲ!” ಸೋಮಶೇಖರ ಕೂಗುತ್ತಿದ್ದಂತೆ ಅವನ ಫೋನು ಮತ್ತೆ ಬಡಿದುಕೊಂಡಿತು. ಅದೇ ನಂಬರು. ಈ ಸಲ ಸಿಟ್ಟಿನಿಂದ ತಾನೇ ಎತ್ತಿದ. ಆ ಕಡೆ ಸಂಘವಿರಲಿಲ್ಲ. ಸೊಸೈಟಿಯ ಗೇಟ್ ಕಾಯುವವನಿದ್ದ.

“ಅಂಕಲ್‌ಜೀ, ನಾವ್! ನಾವ್! ಆಪ್ ಕೀ ನಾವ್! ಬೆಳಗಿಂದ ನಿಮ್ಮ ದೋಣಿ ಇಲ್ಲೇ ಗೇಟಿಗೆ ಅಡ್ಡ ನಿಂತಿದೆ.”